ಬೆಳೆ ಔಷಧಿ ಡಬ್ಬಿಯ ಹೊಲೊಗ್ರಾಮ್ ಅಸಲಿಯೇ? ನೋಡುವ ಬಗೆ

ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಿದ್ದಾಗ, ಚಿಕ್ಕಮಗಳೂರಿನ ಕಾಫಿಗೆ ಕೊಳೆರೋಗ ಬಂದಾಗ ಔಷಧಿ ಅಂಗಡಿ ಮುಂದೆ ನೂಕುನುಗ್ಗಲು. ನಕಲಿ ಮಾಲು ದಾಟಿಸುವುದಕ್ಕೂ ಅದೇ ಸಮಯ. ಡಬ್ಬಿಯ ಮೇಲೆ ಹೊಲೊಗ್ರಾಮ್ ಸ್ಟಿಕ್ಕರ್ (ಅಲುಗಿಸಿದರೆ ಬಣ್ಣ, ಚಿತ್ರ ಬದಲಾಗುವ ಹೊಳಪಿನ ಚೀಟಿ) ಇದ್ದರೆ ದುಡ್ಡು ಕೊಡುವ ಮುಂಚೆ ಅರ್ಧ ನಿಮಿಷ ನೋಡಿ.

ಟ್ಯೂಬ್‌ಲೈಟ್ ಕೆಳಗೆ ಬೇಡ. ಅಗಲವಾಗಿ ಹರಡಿದ ಬೆಳಕಿನಲ್ಲಿ, ಮಳೆಗಾಲದ ಮೋಡದ ಬೆಳಕಿನಲ್ಲೂ ಅಷ್ಟೇ, ಅಸಲಿ ಚಿತ್ರವೂ ಮಸುಕಾಗುತ್ತದೆ. ಫೋನಿನ ಟಾರ್ಚನ್ನು ಸುಮಾರು ಒಂದಡಿ ಮೇಲೆ ಓರೆಯಾಗಿ ಹಿಡಿದು, ಡಬ್ಬಿಯನ್ನು ಹಿಂದಕ್ಕೂ ಮುಂದಕ್ಕೂ ವಾಲಿಸಿ: ಬಣ್ಣ ಕೆಂಪು, ಹಸಿರು, ನೀಲಿ ಎಂದು ಓಡಬೇಕು. ಈಗ ಎಡಕ್ಕೂ ಬಲಕ್ಕೂ ತಿರುಗಿಸಿ. ಮುಂಭಾಗದಲ್ಲಿ ಕಾಣುವ ಅಕ್ಷರ ಹಿಂಭಾಗದ ಚಿತ್ರದ ಮೇಲೆ ಜರುಗಬೇಕು, ಇಲ್ಲವೇ ಒಂದು ಚಿತ್ರ ಮಾಯವಾಗಿ ಇನ್ನೊಂದು ಮೂಡಬೇಕು. ಬರೀ ಕಾಮನಬಿಲ್ಲಿನ ಮಿರುಗು ಓಡಾಡಿ ಅಕ್ಷರ ಇದ್ದಲ್ಲೇ ಕೂತಿದ್ದರೆ, ಗಿಫ್ಟ್ ಸುತ್ತುವ ಹೊಳಪು ಹಾಳೆಯ ಮೇಲೆ ಶಾಯಿ ಒತ್ತಿರಬಹುದು. ಆದರೆ ಎಲ್ಲ ಕಂಪನಿಯೂ ಆಳವಿರುವ ಚಿತ್ರ ಹಾಕುವುದಿಲ್ಲ. ಅನುಮಾನ ಬಂದರೆ ಅದೇ ಕಂಪನಿಯ ಇನ್ನೊಂದು ಡಬ್ಬಿ ಪಕ್ಕದಲ್ಲಿಟ್ಟು ನೋಡಿ.

ಹೊಲೊಗ್ರಾಮಿನ ಚಿತ್ರ ಶಾಯಿಯಲ್ಲಿ ಇರುವುದೇ ಇಲ್ಲ. ಪ್ಲಾಸ್ಟಿಕ್ ಪದರದ ಮೇಲೆ ಒತ್ತಿದ, ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು ಅಂತರದ ಗೀರುಗಳು ಬೆಳಕನ್ನು ಒಡೆದು ಚಿತ್ರ ಕಟ್ಟುತ್ತವೆ. ಹೊಲೊಗ್ರಾಮ್ ವಿದ್ಯೆ ಕಂಡುಹಿಡಿದುದಕ್ಕೆ ವಿಜ್ಞಾನಿ ಡೆನಿಸ್ ಗಾಬೋರ್ 1971ರಲ್ಲಿ ನೊಬೆಲ್ ಪಡೆದರು. ಲೇಸರ್ ಇಲ್ಲದೆ ಮಾಮೂಲಿ ಬೆಳಕಿನಲ್ಲೇ ಕಾಣುವ, ಕಾಮನಬಿಲ್ಲಿನ ಬಣ್ಣದ ಈ ಬಗೆಯ ಹೊಲೊಗ್ರಾಮ್ ಮಾಡಿದವರು ವಿಜ್ಞಾನಿ ಸ್ಟೀಫನ್ ಬೆಂಟನ್. ಅದಕ್ಕಾಗಿ ಮೇಲೆ-ಕೆಳಗೆ ವಾಲಿಸಿದಾಗ ಕಾಣುವ ಆಳವನ್ನು ಬಿಟ್ಟುಕೊಟ್ಟರು. ವಾಲಿಸಿದರೆ ಬಣ್ಣ, ತಿರುಗಿಸಿದರೆ ಆಳ ಎನ್ನುವ ಪರೀಕ್ಷೆ ಬಂದದ್ದು ಅದರಿಂದಲೇ.

ವಾಟ್ಸಾಪಿನಲ್ಲಿ ಬಂದ ಫೋಟೊ ನಂಬಬೇಡಿ. ಅದರಲ್ಲಿ ಸಿಗುವುದು ಒಂದೇ ಕೋನ. ಬೇಕಿದ್ದರೆ ಡಬ್ಬಿ ತಿರುಗಿಸುತ್ತಾ ತೆಗೆದ ವಿಡಿಯೊ ಕೇಳಿ. (500ರ ನೋಟಿನ ದಾರ ಹಸಿರಿನಿಂದ ನೀಲಿಯಾಗುವುದನ್ನೂ ಹೊಲೊಗ್ರಾಮ್ ಅನ್ನುವವರಿದ್ದಾರೆ. ಅಲ್ಲ, ಅಲ್ಲಿ ಬದಲಾಗುವುದು ಬಣ್ಣ ಮಾತ್ರ.)

ಸ್ಟಿಕ್ಕರ್ ಅಸಲಿಯಾದರೂ ಒಳಗಿನ ಔಷಧಿ ಅಸಲಿ ಎಂದೇನಿಲ್ಲ. ಖಾಲಿ ಡಬ್ಬಿಗೆ ಮತ್ತೆ ತುಂಬಿರಬಹುದು. ಸ್ಟಿಕ್ಕರಿನ ಅಂಚಿನಲ್ಲಿ ಸುಕ್ಕು, ಗುಳ್ಳೆ, ಎರಡನೇ ಸಲದ ಅಂಟು ಇದೆಯೇ, ಮುಚ್ಚಳದ ಸೀಲ್ ಗಟ್ಟಿಯಿದೆಯೇ ನೋಡಿ. ಡಬ್ಬಿಯ ಬ್ಯಾಚ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಗುಮಾನಿ ಇದ್ದರೆ ಸೀಲ್ ಒಡೆಯದೆ ಬಿಲ್ ಸಮೇತ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. ನಿಮ್ಮ ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸ್ಪ್ರೇಯರಿಗೇ ಸುರಿದು, ಸ್ಟಿಕ್ಕರ್ ಕೆರೆದು ಡಬ್ಬಿಗೆ ತೂತು ಹೊಡೆಯಿರಿ. ಗುಜರಿಗೆ ಹಾಗೇ ಹಾಕಿದರೆ ಅದೇ ಡಬ್ಬಿ ಮತ್ತೊಬ್ಬರ ತೋಟಕ್ಕೆ ಹೋದೀತು.