ತೂಕ ಇಳೀಲಿಲ್ಲ, ತೊಡೆ ಬೆಳೀತು: ಸೈಕಲ್ ನನ್ನ ಮೈಗೆ ಏನು ಮಾಡ್ತು

ಸೈಕಲ್ ಹೊಡೆದ್ರೆ ಸಣ್ಣ ಆಗ್ತೀರ ಅಂತ ಯಾರಾದ್ರೂ ಹೇಳಿದ್ರೆ ಅರ್ಧ ನಂಬಿ ಸಾಕು. ನಾನು ಮೈಸೂರಲ್ಲಿ ವರ್ಷಗಳಿಂದ ಓಡಿಸ್ತಿದೀನಿ, ವಾರದ ದಿನ ಬೆಳಿಗ್ಗೆ ರಿಂಗ್ ರೋಡು, ಭಾನುವಾರ ಚಾಮುಂಡಿ ಬೆಟ್ಟ ಇಲ್ಲಾಂದ್ರೆ ಶ್ರೀರಂಗಪಟ್ಟಣದ ಕಡೆ, ತೂಕದ ಮಿಷಿನ್ ಮೇಲೆ ನಿಂತ್ರೆ ಮಾತ್ರ ಶುರು ಮಾಡಿದಾಗ ಎಷ್ಟಿತ್ತೋ ಹೆಚ್ಚುಕಮ್ಮಿ ಅಷ್ಟೇ. ಆದ್ರೆ ಆಗ ಇದ್ದ ಮೈಯೇ ಬೇರೆ ಈಗಿನದೇ ಬೇರೆ. ಸೊಂಟ ಇಳೀತು, ಮುಖ ಇಳೀತು, ತೊಡೆ ಬೆಳೀತು, ಮೀನಖಂಡ ಗಟ್ಟಿ ಆಯ್ತು, ತೋಳು ಮಾತ್ರ ಹಂಗೇ ಕಡ್ಡಿ. ಜೊತೆಗೆ ಬಿಸಿಲಿನ ಗೆರೆ: ಗ್ಲೌಸ್ ಹಾಕೋ ಕಡೆ ಅಂಗೈ ಹಿಂದೆ ಬೆಳ್ಳಗೆ, ಬೆರಳೆಲ್ಲಾ ಕಪ್ಪು, ಮಂಡಿ ಮೇಲೆ ಶಾರ್ಟ್ಸ್ ಮುಗಿಯೋ ಕಡೆ ಸ್ಕೇಲ್ ಇಟ್ಟು ಗೀಚಿದ ಹಾಗೆ ಒಂದು ಗೆರೆ.

ಅಮ್ಮ ಹೇಳಿದ್ದು "ಮುಖ ಎಲ್ಲಾ ಒಣಗೋಗಿದೆ, ಕಾಲು ನೋಡಿದ್ರೆ ಗಂಡಸರ ಥರ ಆಗಿದೆ ಕಣೇ" ಅಂತ. ಒಂದೇ ಮದುವೆ ಮನೇಲಿ ಚಿಕ್ಕಮ್ಮ "ಏನ್ ಪುಟ್ಟಿ ಹಿಂಗೆ ಸೊರಗಿದೀಯ" ಅಂದ್ರು, ಸೋದರತ್ತೆ "ಸ್ವಲ್ಪ ಮೈ ಬಂದಿದೆ ಅಲ್ವಾ" ಅಂದ್ರು, ಇಬ್ರೂ ಅದೇ ಸೀರೆ ಉಟ್ಕೊಂಡಿದ್ದ ನನ್ನನ್ನೇ ನೋಡಿದ್ದು. ನಮ್ಮವರದ್ದೇ ಕಾಟ ಅಂತ ಅಂದ್ಕೋಬೇಡಿ, 1890ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕದಲ್ಲಿ ಹೆಂಗಸರು ಸೈಕಲ್ ಹತ್ತೋಕೆ ಶುರು ಮಾಡಿದಾಗ ಅಲ್ಲಿನ ಡಾಕ್ಟರುಗಳೇ ಕೆಲವರು 'ಬೈಸಿಕಲ್ ಫೇಸ್' ಅಂತ ಒಂದು ಕಾಯಿಲೆ ಹುಟ್ಟಿಸಿದ್ರು, ಸೈಕಲ್ ಹೊಡೆದ್ರೆ ಮುಖ ಬಿಗಿದು ಕಣ್ಣು ಗುಡ್ಡೆ ಹೊರಗೆ ಬಂದು ಹೆಣ್ಣಿನ ಚೆಂದ ಹಾಳಾಗತ್ತೆ ಅಂತ. ಅದ್ರ ಪಕ್ಕ ನಮ್ಮಮ್ಮ ವಾಸಿ.

ಸರಿ, ತೊಡೆ ಯಾಕೆ ಬೆಳೆಯತ್ತೆ ಅನ್ನೋದಕ್ಕೆ ಬರ್ತೀನಿ, ಹೊಸದಾಗಿ ಶುರು ಮಾಡೋ ಹುಡುಗೀರು ನನ್ನ ಕೇಳೋದೇ ಇದು, ಕೇಳೋ ದನಿಯಲ್ಲಿ ಭಯ ಇರತ್ತೆ. ಪೆಡಲ್ ಮೇಲಿಂದ ಕೆಳಗೆ ತುಳಿಯುವಾಗ ಹೆಚ್ಚಿನ ಕೆಲಸ ತೊಡೆ ಮುಂದಿನ ಮಾಂಸಖಂಡದ್ದು ಮತ್ತೆ ಕುಂಡೆಯದ್ದು, ಹಿಂದಿನ ಹ್ಯಾಮ್‌ಸ್ಟ್ರಿಂಗು ಮೀನಖಂಡ ಜೊತೆಗೆ ಸೇರ್ಕೊಳತ್ತೆ. ಆದ್ರೆ ಬರೀ ತುಳಿದ ಮಾತ್ರಕ್ಕೆ ದಪ್ಪ ಆಗಲ್ಲ. ಮಾತಾಡ್ಕೊಂಡು ಓಡಿಸೋಷ್ಟು ನಿಧಾನಕ್ಕೆ ಮೂರು ನಾಲ್ಕು ಗಂಟೆ ಹೋದ್ರೆ ಒಳಗಡೆ ಬದಲಾವಣೆ ಆಗತ್ತೆ, ಮಾಂಸಖಂಡದಲ್ಲಿ ಸಣ್ಣ ಸಣ್ಣ ರಕ್ತನಾಳ ಜಾಸ್ತಿ ಆಗತ್ತೆ, ಜೀವಕೋಶದೊಳಗೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾ ಜಾಸ್ತಿ ಆಗತ್ತೆ, ಹೃದಯ ಒಂದೇ ಬಡಿತಕ್ಕೆ ಹೆಚ್ಚು ರಕ್ತ ತಳ್ಳೋಕೆ ಕಲಿಯತ್ತೆ, ಹೊರಗೆ ಕನ್ನಡೀಲಿ ಇದ್ಯಾವುದೂ ಕಾಣಲ್ಲ. ಬೆಳಿಗ್ಗೆ ಎದ್ದ ತಕ್ಷಣ ನನ್ನ ನಾಡಿ ಎಪ್ಪತ್ತರ ಮೇಲಿದ್ದಿದ್ದು ಐವತ್ತರ ಆಸುಪಾಸಿಗೆ ಬಂತು, ಅದನ್ನ ಯಾವ ಮದುವೆ ಮನೇಲೂ ಯಾರೂ ಗಮನಿಸಲಿಲ್ಲ!

ನನ್ನ ತೊಡೆ ಬೆಳೆದಿದ್ದು ಸ್ಪ್ರಿಂಟ್ ಶುರು ಮಾಡಿದ ಮೇಲೆ. ದೊಡ್ಡ ಗೇರ್ ಹಾಕಿ ಹೆಚ್ಚುಕಮ್ಮಿ ನಿಂತಲ್ಲಿಂದ ಹತ್ತು ಹದಿನೈದು ಸೆಕೆಂಡು ಇದ್ದಬದ್ದ ಶಕ್ತಿಯೆಲ್ಲಾ ಹಾಕಿ ತುಳಿಯೋದು, ಆಮೇಲೆ ನಾಲ್ಕೈದು ನಿಮಿಷ ಸುಮ್ಮನೆ ಓಡಿಸೋದು, ಮತ್ತೆ ತುಳಿಯೋದು. ಅದ್ರ ಜೊತೆ ಜಿಮ್ಮಲ್ಲಿ ಸ್ಕ್ವಾಟ್, ಅಂದ್ರೆ ಭಾರ ಹೊತ್ತು ಕೂತು ಏಳೋದು. ಭಾರ ಇದ್ರೆ ಮಾಂಸಖಂಡ ಬೆಳೆಯತ್ತೆ, ಅಷ್ಟೇ ಲೆಕ್ಕ. ನಾನು ಬೇಕು ಅಂತಲೇ ಬೆಳೆಸಿದ್ದು, ಯಾಕಂದ್ರೆ ಗುಂಪಲ್ಲಿ ಹೋಗುವಾಗ ಊರಿನ ಹೆಸರಿನ ಬೋರ್ಡ್ ಕಂಡ ತಕ್ಷಣ ರೇಸ್ ಹಚ್ಚೋ ಗಂಡಸರನ್ನ ಕೊನೇ ಇನ್ನೂರು ಮೀಟರಲ್ಲಿ ಹಿಂದೆ ಹಾಕೋದು ನಂಗೆ ಬೆಟ್ಟ ಹತ್ತೋದಕ್ಕಿಂತ ಖುಷಿ.

ತಮಾಷೆ ಅಂದ್ರೆ ಸೈಕ್ಲಿಸ್ಟ್ ಮೈ ಅಂತ ಒಂದು ಮೈಯೇ ಇಲ್ಲ. ಬ್ರಿಟನ್ನಿನ ಟ್ರ್ಯಾಕ್ ಸ್ಪ್ರಿಂಟರ್ (ರಸ್ತೇಲಲ್ಲ, ಟ್ರ್ಯಾಕಲ್ಲಿ ಸ್ವಲ್ಪ ದೂರ ಜೋರಾಗಿ ಹೊಡೆಯೋನು) ಕ್ರಿಸ್ ಹಾಯ್, ಆರು ಒಲಿಂಪಿಕ್ ಚಿನ್ನ, ಅವನ ತೊಡೆ ಬಗ್ಗೆನೇ ಪೇಪರಲ್ಲಿ ಬರೀತಿದ್ರು. ಜರ್ಮನಿಯ ರಾಬರ್ಟ್ ಫರ್ಸ್ಟೆಮನ್ ಮತ್ತೆ ಆಂದ್ರೆ ಗ್ರೈಪೆಲ್ 2012ರ ಲಂಡನ್ ಒಲಿಂಪಿಕ್ಸ್ ಟೈಮಲ್ಲಿ ಚಡ್ಡಿ ಎತ್ತಿ ತೊಡೆ ಪಂದ್ಯ ಕಟ್ಟಿದ ಫೋಟೋ ಇವತ್ತೂ ಓಡಾಡ್ತಿದೆ, ಗ್ರೈಪೆಲ್ಲೇ ದೊಡ್ಡ ಆಳು, ಫರ್ಸ್ಟೆಮನ್ ಪಕ್ಕ ಮಗು ಥರ ಕಾಣ್ತಾನೆ. ಇನ್ನೊಂದು ಕಡೆ ಮಾರ್ಕೊ ಪಂಟಾನಿ, 1998ರಲ್ಲಿ ಇಟಲಿಯ ಜಿರೊ ಡಿ'ಇಟಾಲಿಯಾ, ಫ್ರಾನ್ಸಿನ ಟೂರ್ ಡಿ ಫ್ರಾನ್ಸ್, ವಾರಗಟ್ಟಲೆ ನಡೆಯೋ ಎರಡೂ ದೊಡ್ಡ ರೇಸ್ ಗೆದ್ದೋನು, ಅರವತ್ತು ಕೆಜಿನೂ ಇರಲಿಲ್ಲ. ಅವನಿಗಿಂತ ಮುಂಚೆ 1991ರಿಂದ 95ರ ತನಕ ಸತತ ಐದು ಸಲ ಟೂರ್ ಗೆದ್ದ ಮಿಗೆಲ್ ಇಂದುರೈನ್ ನೋಡಿದ್ರೆ ಆರಡಿ ಮೇಲಿನ ಎಂಬತ್ತು ಕೆಜಿ ಆಸಾಮಿ. ಎಲ್ರೂ ಅದೇ ಎರಡು ಚಕ್ರ ತುಳಿದೋರು.

ಇಷ್ಟಿದ್ರೂ ರೋಡ್ ಸೈಕಲ್ ಗುಂಪುಗಳಲ್ಲಿ ನಡೆಯೋದು ಒಂದೇ ಮಾತು, ವಾಟ್ಸ್ ಪರ್ ಕೇಜಿ. ಅಂದ್ರೆ ನೀವು ತುಳಿಯೋ ಶಕ್ತಿನ ನಿಮ್ಮ ತೂಕದಿಂದ ಭಾಗಿಸೋದು. ಶಕ್ತಿ ಹೆಚ್ಚಿಸೋಕೆ ತಿಂಗಳುಗಟ್ಟಲೆ ಬೆವರು ಹರಿಸ್ಬೇಕು, ತೂಕ ಇಳಿಸೋಕೆ ರಾತ್ರಿ ಊಟ ಬಿಟ್ರೆ ಆಯ್ತು, ಹಂಗಾಗಿ ಎಲ್ರ ಕಣ್ಣೂ ಕೆಳಗಿನ ನಂಬರ್ ಮೇಲೆ. ನನಗೂ ಹೇಳಿದ್ರು, "ನೀವು ಎರಡು ಕೆಜಿ ಇಳಿಸಿದ್ರೆ ಬೆಟ್ಟದಲ್ಲಿ ಹಾರ್ತೀರ ಮೇಡಂ" ಅಂತ. ನಾನು ಕೂತು ಲೆಕ್ಕ ಹಾಕ್ದೆ. ಚಾಮುಂಡಿ ಬೆಟ್ಟ ಅಂದ್ರೆ ಊರಿಂದ ಸುಮಾರು 300 ಮೀಟರ್ ಏರು, ನಾನು ಸೈಕಲ್ಲು ನೀರಿನ ಬಾಟ್ಲಿ ಎಲ್ಲಾ ಸೇರಿ 70 ಕೆಜಿ ಅಂದ್ಕೊಳಿ, ಅದ್ರಲ್ಲಿ ಎರಡು ಕೆಜಿ ಅಂದ್ರೆ ನೂರಕ್ಕೆ ಮೂರು ಭಾಗನೂ ಇಲ್ಲ. ಅರ್ಧ ಗಂಟೆ ಹತ್ತೋರಿಗೆ ಒಂದು ನಿಮಿಷನೂ ಉಳಿಯಲ್ಲ, ಅದೂ ಇಳಿಸೋ ಭರದಲ್ಲಿ ಕಾಲಿನ ಶಕ್ತಿ ಕಮ್ಮಿ ಆಗದೇ ಇದ್ರೆ. ಸಪಾಟು ರಸ್ತೇಲಂತೂ ಗಾಳಿನೇ ಶತ್ರು, ತೂಕಕ್ಕೆ ಅಲ್ಲಿ ಕಿಮ್ಮತ್ತೇ ಇಲ್ಲ. ಒಂದು ನಿಮಿಷಕ್ಕೋಸ್ಕರ ರಾತ್ರಿ ಮುದ್ದೆ ಬಿಡೋ ಜಾತಿ ನಂದಲ್ಲ.

ಗೆಲ್ಲೋ ಲೆವೆಲ್ಲಿನೋರಿಗೆ ಆ ನಿಮಿಷನೇ ಎಲ್ಲಾ, ಅದು ಗೊತ್ತು. 2025ರ ಮಹಿಳೆಯರ ಟೂರ್ ಡಿ ಫ್ರಾನ್ಸ್ ಗೆದ್ದ ಪೌಲಿನ್ ಫೆರಾನ್-ಪ್ರೆವೋ ಆ ವರ್ಷ ಏಪ್ರಿಲಲ್ಲಿ ಕಲ್ಲು ಹಾಸಿನ ಸಪಾಟು ರಸ್ತೆಯ ಪ್ಯಾರಿಸ್-ರೂಬೇ ಗೆದ್ದಿದ್ಲು, ಆಮೇಲೆ ಪರ್ವತಗಳಿಗೋಸ್ಕರ ತೂಕ ಇಳಿಸ್ಕೊಂಡು ಬಂದ್ಲು, ಅದನ್ನ ಅವಳೇ ಮುಚ್ಚುಮರೆ ಇಲ್ದೆ ಹೇಳ್ಕೊಂಡ್ಲು, ಅದ್ರ ಮೇಲೆ ದೊಡ್ಡ ಚರ್ಚೆನೇ ಆಯ್ತು, ಇದನ್ನ ನೋಡಿ ಚಿಕ್ಕ ಹುಡುಗೀರು ಏನು ಕಲೀತಾರೆ ಅಂತ. ಅವಳಿಗೆ ತಂಡ ಇದೆ, ಡಾಕ್ಟರ್ ಇದಾರೆ, ಗೆದ್ದ ಮೇಲೆ ಮತ್ತೆ ತಿಂತಾಳೆ. ನಮ್ಮ ಭಾನುವಾರದ ರೈಡಿಗೆ ಟೂರ್ ಗೆದ್ದೋರಿಗೆ ಕೊಡೋ ಥರ ಯಾವ ಹಳದಿ ಜರ್ಸಿ ಕೊಡ್ತಾರೆ ಹೇಳಿ.

ನಮ್ಮ ಜೊತೆ ಬರ್ತಿದ್ದ ಒಬ್ಬಳು ಹೀಗೇ ಇಳಿಸ್ತಾ ಹೋದ್ಲು. ಮೊದಲ ಸ್ವಲ್ಪ ದಿನ ನಿಜಕ್ಕೂ ಬೆಟ್ಟ ಬೇಗ ಹತ್ತಿದ್ಲು, ಎಲ್ರೂ ಹೊಗಳಿದ್ದೇ ಹೊಗಳಿದ್ದು, ಆಮೇಲೆ ಮುಟ್ಟು ನಿಂತೋಯ್ತು, ನಿದ್ದೆ ಇಲ್ಲ, ಸಣ್ಣ ಶೀತನೂ ವಾರಗಟ್ಟಲೆ. ಇದಕ್ಕೆ ರೆಡ್-ಎಸ್ ಅಂತಾರೆ, 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರೇ ಇಟ್ಟ ಹೆಸರು, ಮೈ ಖರ್ಚು ಮಾಡೋಷ್ಟು ಊಟ ಒಳಗೆ ಹೋಗದಿದ್ರೆ ದೇಹ ಒಂದೊಂದೇ ಡಿಪಾರ್ಟ್‌ಮೆಂಟ್ ಮುಚ್ತಾ ಬರತ್ತೆ. ಗಂಡಸರಿಗೂ ಆಗತ್ತೆ, ಅವರಿಗೆ ಮುಟ್ಟಿನ ಹಾಗೆ ತಿಂಗಳು ತಿಂಗಳು ಎಚ್ಚರಿಸೋ ಗುರುತು ಇಲ್ಲ ಅಷ್ಟೇ. ಅದಕ್ಕೇ ನಾನು ಹೇಳೋದು, ಅತ್ತೆ ಚಿಕ್ಕಮ್ಮಂದಿರ ಮಾತು ಸ್ವಲ್ಪ ಬೇಜಾರು ಮಾಡತ್ತೆ, ಸೈಕಲ್ ಗುಂಪಿನ ಹೊಗಳಿಕೆ ಆಸ್ಪತ್ರೆಗೆ ಕಳಿಸತ್ತೆ.

ಗಂಡಸರ ಪಾಡು ಬೇರೆ ಥರ. ಜಿಮ್ಮಿಗೆ ಹೋದ್ರೆ ತೋಳು ನೋಡಿ ನಗ್ತಾರೆ, ಕಾಲಿನ ಕೂದಲು ಬೋಳಿಸಿದ್ರೆ ಮನೇಲಿ ನಗ್ತಾರೆ. ಬಿದ್ದು ತರಚಿದ್ರೆ ಗಾಯ ತೊಳೆಯೋಕೆ ಸುಲಭ, ಮಸಾಜಿಗೆ ಸುಲಭ ಅಂತ ಕಾರಣ ಹೇಳ್ತಾರೆ, ಅರ್ಧ ನಿಜ, ಇನ್ನರ್ಧ ಶೋಕಿ.

ನನ್ನ ತಲೆ ಸರಿ ಮಾಡಿದ್ದು ಉತ್ತರ ಕರ್ನಾಟಕದ ಹುಡುಗೀರು. ವಿಜಯಪುರ, ಬಾಗಲಕೋಟೆ ಅಂದ್ರೆ ನಮ್ಮ ರಾಜ್ಯದ ಸೈಕ್ಲಿಂಗ್ ತವರು, ಕ್ರೀಡಾ ಹಾಸ್ಟೆಲುಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳು ಬರ್ತಾನೇ ಇದಾರೆ. ಆ ಕಡೆ ರೇಸ್ ನೋಡೋಕೆ ಹೋಗಿದ್ದೆ, ಹದಿನಾರು ಹದಿನೇಳು ವಯಸ್ಸಿನ ಹುಡುಗೀರು, ನನ್ನ ಕಾಲಿಗಿಂತ ಗಟ್ಟಿ ಕಾಲು, ಮೈಗಂಟೋ ಲೈಕ್ರಾ ಬಟ್ಟೆ ಹಾಕ್ಕೊಂಡು ಊರ ಜನದ ಮುಂದೆ ಆರಾಮಾಗಿ ರೊಟ್ಟಿ ತಿಂತಾ ಕೂತಿದ್ರು. ನಾನು ಶಾರ್ಟ್ಸ್ ಮೇಲೆ ಇನ್ನೊಂದು ಲೂಸ್ ಶಾರ್ಟ್ಸ್ ಹಾಕೋ ಕಾಲ ಅದು. ತೊಡೆ ಬಗ್ಗೆ ಯಾರಾದ್ರೂ ಏನಾದ್ರೂ ಅಂತಾರಾ ಅಂತ ಒಬ್ಬಳನ್ನ ಕೇಳ್ದೆ. "ಅನ್ನಲಿ ಬಿಡ್ರೀ ಅಕ್ಕಾ, ತೊಡಿ ಇಲ್ದ ಸ್ಪ್ರಿಂಟ್ ಹೆಂಗ್ ಹೊಡೀತೀರಿ?" ಅಂದ್ಲು. ಆ ಊರಲ್ಲಿ ಜಾತ್ರೆ ಟೈಮಲ್ಲೂ ಸೈಕಲ್ ರೇಸ್ ಇಡ್ತಾರೆ, ಜನಕ್ಕೆ ಆ ಕಾಲು ಯಾಕೆ ಹಂಗಿದೆ ಅಂತ ಗೊತ್ತು. ಮೈಸೂರಿಗೆ ವಾಪಸ್ ಬಂದವಳೇ ಮೇಲಿನ ಶಾರ್ಟ್ಸ್ ತೆಗೆದೆ.

ಸೈಕಲ್ ಕೊಡದೇ ಇರೋದೂ ಇದೆ, ಅದನ್ನ ಯಾರೂ ಹೇಳಲ್ಲ. ಸೀಟಿನ ಮೇಲೆ ಕೂತಿರ್ತೀವಿ, ಮೂಳೆ ಮೇಲೆ ನಮ್ಮ ಭಾರ ಸರಿಯಾಗಿ ಬೀಳಲ್ಲ, ಹಂಗಾಗಿ ವರ್ಷಾನುಗಟ್ಟಲೆ ಬರೀ ರೋಡ್ ಸೈಕಲ್ ಹೊಡೆಯೋ ಎಷ್ಟೋ ಜನರಿಗೆ ಬೆನ್ನುಮೂಳೆ ಸಾಂದ್ರತೆ ಕಮ್ಮಿ ಇರತ್ತೆ, ವೃತ್ತಿಪರರಿಗೂ ಸೇರಿ. ನೋಡೋಕೆ ಅಥ್ಲೀಟ್, ಒಳಗೆ ಮೂಳೆ ಟೊಳ್ಳು. ಅದಕ್ಕೇ ವಾರಕ್ಕೆ ಎರಡು ಸಲ ಭಾರ ಎತ್ತೋದು, ಸ್ಕ್ವಾಟು, ಡೆಡ್‌ಲಿಫ್ಟು, ಸ್ವಲ್ಪ ಹಗ್ಗ ಜಿಗಿಯೋದು. ಜಿಮ್ ಟ್ರೈನರ್ ಮೊದಲು ಗುಲಾಬಿ ಬಣ್ಣದ ಎರಡು ಕೆಜಿ ಡಂಬೆಲ್ ಕೊಟ್ಟು "ಲೇಡೀಸಿಗೆ ಇದು ಸಾಕು, ಇಲ್ಲಾಂದ್ರೆ ಬಲ್ಕಿ ಆಗ್ತೀರ" ಅಂದ, ಅದನ್ನ ಅವನ ಟೇಬಲ್ ಮೇಲೇ ಇಟ್ಟು ಭಾರ ಎತ್ತೋ ಕಬ್ಬಿಣದ ರಾಡ್ ಹತ್ರ ಹೋದೆ. ತಿನ್ನೋದು ಮಾಮೂಲಿ, ಮೊಟ್ಟೆ, ಹುರುಳಿಕಾಳು ಸಾರು, ಮುದ್ದೆ, ಮೊಸರು, ರೈಡಲ್ಲಿ ಬಾಳೆಹಣ್ಣು ಕಡ್ಲೆಮಿಠಾಯಿ, ವಾಪಸ್ ಬರುವಾಗ ದೋಸೆ ಅಂತೂ ಗ್ಯಾರಂಟಿ. ಕತ್ತು, ಭುಜ ಮುಂದಕ್ಕೆ ಬಗ್ಗಿರೋದಕ್ಕೆ ಮನೇಲಿ ನೆಲದ ಮೇಲೆ ಭುಜಂಗಾಸನ ಮಾಡ್ತೀನಿ, ಅದ್ರ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ.

ಇನ್ನು ಬಟ್ಟೆ. ಅಂಗಡೀಲಿ ಸಿಗೋ ಜೀನ್ಸ್ ಸೊಂಟಕ್ಕೆ ಸರಿ ಇದ್ರೆ ತೊಡೇಲಿ ಹತ್ತಲ್ಲ, ತೊಡೆಗೆ ಹತ್ತಿದ್ರೆ ಸೊಂಟದಲ್ಲಿ ಇನ್ನೊಬ್ರು ಹಿಡೀತಾರೆ. ತೊಡೆ ಅಳತೆಗೆ ತಗೊಂಡು ಸೊಂಟ ಹಿಡಿಸೋದೇ ದಾರಿ, ಉಲ್ಟಾ ಮಾಡೋಕೆ ಆಗಲ್ಲ. ಲೆಗ್ಗಿಂಗ್ಸಿಗೆ ತೊಂದ್ರೆ ಇಲ್ಲ, ಚೂಡಿದಾರ್ ಹೊಲಿಸುವಾಗ ಟೈಲರಿಗೆ ತೊಡೆ, ಮೀನಖಂಡ ಎರಡೂ ಬೇರೆ ಬೇರೆ ಅಳತೆ ತಗೊಳಿ ಅಂತ ಮೊದಲೇ ಹೇಳಿ, ಒಳಗೆ ಎರಡಿಂಚು ಬಟ್ಟೆ ಮಡಚಿ ಬಿಡೋಕೆ ಹೇಳಿ. ನಮ್ಮ ಟೈಲರ್ ಆಂಟಿ ಈಗ ಕೇಳೋದೇ ಇಲ್ಲ, ಬಿಟ್ಟಿರ್ತಾರೆ.