ವರ್ತುಲ ರಸ್ತೆಯ ಜಾಡಿನಲ್ಲಿ ನಿಮ್ಮ ಜಮೀನಿದೆಯೇ? ಮಂಗಳೂರು ಹೊರವಲಯದವರು ನೋಡಿಕೊಳ್ಳಬೇಕಾದ ಕ್ರಮ

ಉಡುಪಿಯಿಂದ ಕೇರಳದತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 66, ಮೂಡುಬಿದಿರೆ, ಕಾರ್ಕಳಗಳತ್ತ ಹೋಗುವ 169 ಮತ್ತು ಬಂಟ್ವಾಳ, ಚಾರ್ಮಾಡಿಗಳತ್ತ ಹೋಗುವ 73, ಈ ಮೂರರ ಭಾರವೂ ಕೆಪಿಟಿ, ನಂತೂರು, ಪಂಪ್‌ವೆಲ್, ಪಡೀಲುಗಳ ಕಿರಿದಾದ ಪಟ್ಟಿಯ ಮೇಲೆಯೇ ಬೀಳುತ್ತದೆ. ಪಣಂಬೂರಿನ ಬಂದರಿನಿಂದ ಶಿರಾಡಿ ಘಾಟಿ ಹತ್ತಬೇಕಾದ ಲಾರಿಗಳೂ ಟ್ಯಾಂಕರ್‌ಗಳೂ ಶಾಲಾ ವಾಹನಗಳ ನಡುವೆಯೇ ಸಾಗಬೇಕಾಗಿದೆ. ಈ ಹೊರೆಯನ್ನು ನಗರದ ಹೊರಗೆ ತಿರುಗಿಸುವ ಉದ್ದೇಶದಿಂದ, ಮೂಲ್ಕಿಯಿಂದ ಕಟೀಲು, ಕೈಕಂಬ, ಪೊಳಲಿ, ಬಿ.ಸಿ.ರೋಡ್, ಮೆಲ್ಕಾರ್, ಮುಡಿಪು ಮಾರ್ಗವಾಗಿ ತೊಕ್ಕೊಟ್ಟನ್ನು ಸೇರುವ ಹೊರವರ್ತುಲ ರಸ್ತೆಯ ಪ್ರಸ್ತಾವ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ರಸ್ತೆ ಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಜಾಡಿನಲ್ಲಿ ಗದ್ದೆ, ತೋಟ ಇರುವವರಿಗೆ ಕಾನೂನು ಕೊಡುವ ಕಾಲಾವಕಾಶ ತೀರಾ ಕಡಿಮೆಯಾಗಿರುವುದರಿಂದ, ಸಿದ್ಧತೆ ಅಧಿಸೂಚನೆಗಿಂತ ಮೊದಲೇ ನಡೆದಿರಬೇಕು.

ಪತ್ರಿಕೆಯಲ್ಲಿ ಬರುವ ಊರಿನ ಹೆಸರುಗಳನ್ನು ನೋಡಿ ಗಾಬರಿಪಡುವುದೂ ಬೇಡ, ನಿಶ್ಚಿಂತೆಯಿಂದ ಇರುವುದೂ ಬೇಡ. ರಸ್ತೆ ಪೊಳಲಿಯ ಮೇಲೆ ಹೋಗುತ್ತದೆ ಎಂದರೆ ಅದು ಫಲ್ಗುಣಿಯನ್ನು ಅಲ್ಲೆಲ್ಲೋ ದಾಟುತ್ತದೆ ಎಂದಷ್ಟೇ ಅರ್ಥ. ನಮ್ಮ ಜಿಲ್ಲೆಯಲ್ಲಿ ಜಾಡನ್ನು ನಿರ್ಧರಿಸುವುದು ಮುಖ್ಯವಾಗಿ ನೆಲದ ಸ್ವರೂಪ. ಕಟೀಲಿನ ಆಸುಪಾಸಿನಲ್ಲಿ ನಂದಿನಿ, ಆಮೇಲೆ ಫಲ್ಗುಣಿ, ಪಾಣೆಮಂಗಳೂರಿನ ಕಡೆ ನೇತ್ರಾವತಿ, ಇವುಗಳಿಗೆ ಸೇತುವೆ ಕಟ್ಟಲು ಗಟ್ಟಿ ದಡ ಬೇಕು. ಬಂಟ್ವಾಳದ ಹತ್ತಿರ ರೈಲು ಹಳಿ ದಾಟಬೇಕು. ಮುರಕಲ್ಲಿನ ಗುಡ್ಡ ಕಡಿದರೆ ಮಳೆಗಾಲದಲ್ಲಿ ಧರೆ ಜರಿಯುವ ಭಯವಿದೆ. ಇಂಥ ಸ್ಥಳಗಳ ಸಮೀಪ ಜಾಡು ಅತ್ತಿತ್ತ ಸರಿಯುವ ಅವಕಾಶ ಕಡಿಮೆ, ಇವುಗಳ ನಡುವಿನ ಬಯಲಿನಲ್ಲಿ ಹೆಚ್ಚು.

ಮೊದಲು ನಿಮ್ಮ ಸರ್ವೆ ನಂಬರು ಮತ್ತು ಹಿಸ್ಸಾ ನಂಬರನ್ನು ಪಹಣಿಯಿಂದ ಖಚಿತಪಡಿಸಿಕೊಳ್ಳಿ, ಏಕೆಂದರೆ ಭೂಸ್ವಾಧೀನದ ಕಾಗದಗಳು ಮನೆತನದ ಹೆಸರಿನಿಂದಲ್ಲ, ಈ ನಂಬರಿನಿಂದಲೇ ಮಾತನಾಡುತ್ತವೆ. ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಜಮೀನಿನಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂಬುದು ತಿಳಿಯುತ್ತದೆ. ಅದು ಅಂದಾಜಿಗೆ ಸಾಕು, ಗಡಿ ತೀರ್ಮಾನಕ್ಕೆ ಸಾಲದು. ಗಡಿಯ ಬಗ್ಗೆ ನೆರೆಯವರೊಂದಿಗೆ ತಕರಾರಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸುವುದೇ ಸರಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಪಾಲುಪಟ್ಟಿ, ಪೌತಿ ಖಾತೆಗಳನ್ನು (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಈಗಲೇ ಮುಗಿಸಿಕೊಳ್ಳಿ. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನದ ದೊಡ್ಡ ಕುಟುಂಬಗಳಲ್ಲಿ ಒಬ್ಬರು ಮುಂಬಯಿಯಲ್ಲಿ, ಇನ್ನೊಬ್ಬರು ಗಲ್ಫಿನಲ್ಲಿ ಇರುವಾಗ, ಪರಿಹಾರದ ಹಣ ಪಾಲುದಾರರ ವಿವಾದದಿಂದಾಗಿ ನ್ಯಾಯಾಲಯದಲ್ಲಿ ಉಳಿದುಬಿಡುವ ಸಂಭವ ಹೆಚ್ಚು.

ಕುಮ್ಕಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಕುಮ್ಕಿ ಎಂಬುದು ವರ್ಗ ಜಮೀನಿಗೆ, ಅಂದರೆ ಒಡೆತನದ ಪಟ್ಟಾ ಜಮೀನಿಗೆ, ತಾಗಿಕೊಂಡಿರುವ ಸರ್ಕಾರಿ ಭೂಮಿಯಿಂದ ಸೊಪ್ಪು, ಕಟ್ಟಿಗೆ ಮುಂತಾದವನ್ನು ಪಡೆಯುವ ಸೌಲಭ್ಯ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಆ ಸೌಲಭ್ಯವನ್ನು ಉಳಿಸಿದೆಯೇ ಹೊರತು ಒಡೆತನವನ್ನು ಕೊಟ್ಟಿಲ್ಲ. ತಲೆಮಾರುಗಳಿಂದ ಅಲ್ಲಿ ಅಡಿಕೆ, ಗೇರು, ರಬ್ಬರು ಬೆಳೆಸಿದವರು ಅದನ್ನು ಸ್ವಂತದ್ದೆಂದೇ ತಿಳಿದಿರುತ್ತಾರೆ, ಆದರೆ ಸ್ವಾಧೀನದ ವೇಳೆ ಪಟ್ಟಾ ಜಮೀನಿನಂತೆ ನೆಲದ ಬೆಲೆ ಸಿಗುತ್ತದೆ ಎಂದು ಎಣಿಸುವಂತಿಲ್ಲ. ಆದ್ದರಿಂದ ವರ್ಗ ಎಲ್ಲಿ ಮುಗಿದು ಕುಮ್ಕಿ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಅಲ್ಲಿನ ಮರಗಿಡಗಳ ಮತ್ತು ಬಾವಿಯ ಛಾಯಾಚಿತ್ರ, ದಾಖಲೆಗಳನ್ನು ಬೇರೆಯಾಗಿಯೇ ಇಟ್ಟುಕೊಂಡು ಬೇಡಿಕೆಯನ್ನೂ ಬೇರೆಯಾಗಿಯೇ ಮಂಡಿಸಿ.

ರಸ್ತೆ ರಾಷ್ಟ್ರೀಯ ಹೆದ್ದಾರಿಯಾಗಿ ಬಂದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಅನ್ವಯಿಸುತ್ತದೆ. ಜಮೀನು ಪಡೆಯುವ ಉದ್ದೇಶವನ್ನು ತಿಳಿಸುವ, ಅದರ 3ಎ ಕಲಮಿನ ಅಧಿಸೂಚನೆ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾಗುತ್ತದೆ, ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದ್ದಾಗಿರಬೇಕು. 3ಸಿ ಪ್ರಕಾರ ಆಕ್ಷೇಪಣೆ ಸಲ್ಲಿಸಲು ಇರುವುದು 21 ದಿನ. ಪತ್ರಿಕೆ ಕೈಗೆ ಬಂದ ದಿನದಿಂದ ಲೆಕ್ಕ ಹಾಕದೆ ರಾಜಪತ್ರದ ದಿನಾಂಕದಿಂದಲೇ ಎಣಿಸುವುದು ಸುರಕ್ಷಿತ. ಇದೇ ರಸ್ತೆಗೆ 2013ರ ಭೂಸ್ವಾಧೀನ ಕಾಯ್ದೆಯಡಿ ಜಮೀನು ಪಡೆಯುವುದಾದರೆ ಆಕ್ಷೇಪಣೆಗೆ 60 ದಿನ ಸಿಗುತ್ತದೆ, ಆದ್ದರಿಂದ ಯಾವ ಕಾಯ್ದೆಯಡಿ ಅಧಿಸೂಚನೆ ಹೊರಟಿದೆ ಎಂಬುದನ್ನು ಮೊದಲ ಸಾಲಿನಲ್ಲೇ ಓದಿಕೊಳ್ಳಿ.

ಆಕ್ಷೇಪಣೆಯನ್ನು ಲಿಖಿತವಾಗಿ, ಕಾರಣಸಹಿತ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಸ್ವಾಧೀನಕ್ಕೆಂದು ನೇಮಕವಾದ ಅಧಿಕಾರಿಗೆ, ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸ್ವತಃ ಅಥವಾ ವಕೀಲರ ಮೂಲಕ ವಿಚಾರಣೆಯಲ್ಲಿ ಮಾತನಾಡುವ ಹಕ್ಕು ನಿಮಗಿದೆ. ‘ನಮಗೆ ರಸ್ತೆ ಬೇಡ’ ಎಂಬ ಒಂದು ಸಾಲಿನ ಅರ್ಜಿಗೆ ತೂಕವಿರುವುದಿಲ್ಲ. ಬೈಲಿನ ಗದ್ದೆಗಳ ನಡುವೆ ಎತ್ತರದ ಮಣ್ಣಿನ ಏರಿ ಹಾಕಿದರೆ ತೋಡಿನ ನೀರು ಎಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನೀರು ನಿಲ್ಲಿಸಲು ತೋಡಿಗೆ ಹಾಕುವ ಕಟ್ಟಕ್ಕೆ ಏನಾಗುತ್ತದೆ, ಎಲ್ಲಿ ಮೋರಿ ಬೇಕು, ತೋಟ ಎರಡು ಹೋಳಾದರೆ ದನಕರು ದಾಟಲು ಕೆಳದಾರಿ ಎಲ್ಲಿರಬೇಕು, ನಾಗಬನ ಅಥವಾ ದೈವಸ್ಥಾನ ಎಷ್ಟು ದೂರದಲ್ಲಿದೆ ಎಂಬುದನ್ನು ಸರ್ವೆ ನಂಬರಿನೊಂದಿಗೆ, ಆಟಿಯ (ಮಳೆಗಾಲದ ತುಳು ತಿಂಗಳು) ನೆರೆಯಲ್ಲಿ ತೆಗೆದ ಚಿತ್ರಗಳೊಂದಿಗೆ ಬರೆಯಿರಿ. ಒಂದು ಬೈಲಿನ ಎಲ್ಲ ಮನೆಯವರೂ ಸೇರಿ ತೋಡಿನ ಪೂರ್ಣ ಜಾಡನ್ನು ಒಂದೇ ನಕ್ಷೆಯಲ್ಲಿ ತೋರಿಸಿದರೆ ಇನ್ನೂ ಒಳ್ಳೆಯದು. ಅಧಿಕಾರಿಗಳು ಜಂಟಿ ಸರ್ವೆಗೆ ಬಂದಾಗ ಮನೆಯ ಒಬ್ಬರಾದರೂ ಹಾಜರಿದ್ದು ತೆಂಗು, ಅಡಿಕೆ, ಬಾವಿ, ಪಂಪ್‌ಶೆಡ್, ಆವರಣ ಗೋಡೆಗಳನ್ನೆಲ್ಲ ಪಟ್ಟಿಗೆ ಸೇರಿಸಿ, ಓದಿ ನೋಡಿಯೇ ಸಹಿ ಹಾಕಬೇಕು.

3ಎ ಪ್ರಕಟವಾದ ಒಂದು ವರ್ಷದೊಳಗೆ, ಜಮೀನಿನ ಸ್ವಾಧೀನವನ್ನು ಸಾರುವ 3ಡಿ ಘೋಷಣೆ ಬಾರದಿದ್ದರೆ ಮೊದಲಿನ ಅಧಿಸೂಚನೆ ಬಿದ್ದುಹೋಗುತ್ತದೆ. ನ್ಯಾಯಾಲಯದ ತಡೆಯಿದ್ದ ಅವಧಿ ಇದರಲ್ಲಿ ಸೇರುವುದಿಲ್ಲ. 3ಡಿ ಬಂದ ಮೇಲೆ ಜಮೀನು ಕೇಂದ್ರ ಸರ್ಕಾರದ್ದಾಗುತ್ತದೆ, ಉಳಿಯುವುದು ಪರಿಹಾರದ ಪ್ರಶ್ನೆ ಮಾತ್ರ. ಮಾರುಕಟ್ಟೆ ಬೆಲೆಯನ್ನು 3ಎ ದಿನಾಂಕಕ್ಕೆ ಲೆಕ್ಕ ಹಾಕುವುದರಿಂದ, ಆಮೇಲೆ ಆತುರದಿಂದ ಕಟ್ಟಡ ಎಬ್ಬಿಸುವುದರಲ್ಲಿ ಪ್ರಯೋಜನವಿಲ್ಲ. 2015ರ ಜನವರಿ 1ರಿಂದ ಹೆದ್ದಾರಿ ಸ್ವಾಧೀನಕ್ಕೂ 2013ರ ಕಾಯ್ದೆಯ ಪರಿಹಾರ ನಿಯಮಗಳು ಅನ್ವಯಿಸುತ್ತವೆ: ನೋಂದಣಿಗೆ ಸರ್ಕಾರ ಗೊತ್ತುಪಡಿಸಿದ ಮಾರ್ಗಸೂಚಿ ದರವನ್ನೂ ಹಿಂದಿನ ಮೂರು ವರ್ಷಗಳ ಕ್ರಯಪತ್ರಗಳನ್ನೂ ನೋಡಿ ಹೆಚ್ಚಿನದನ್ನು ಆಯ್ದುಕೊಳ್ಳಬೇಕು, ಗ್ರಾಮೀಣ ಪ್ರದೇಶದಲ್ಲಿ ಅದನ್ನು 1ರಿಂದ 2ರವರೆಗಿನ ಗುಣಕದಿಂದ ಗುಣಿಸಿ ಮರ, ಕಟ್ಟಡಗಳ ಬೆಲೆ ಕೂಡಿಸಬೇಕು, ಆ ಮೊತ್ತದ ಮೇಲೆ ಶೇ. 100ರಷ್ಟು ಸಾಂತ್ವನ ಧನ (ಕಡ್ಡಾಯ ಸ್ವಾಧೀನಕ್ಕಾಗಿ ಸಿಗುವ ಹೆಚ್ಚುವರಿ ಹಣ) ಕೊಡಬೇಕು. ನಿಮ್ಮ ಗ್ರಾಮದ ಒಳ್ಳೆಯ ಬೆಲೆಯ ಕ್ರಯಪತ್ರಗಳ ದೃಢೀಕೃತ ಪ್ರತಿಗಳನ್ನು ಉಪನೋಂದಣಿ ಕಚೇರಿಯಿಂದ ತಂದು ಹಕ್ಕುಬೇಡಿಕೆಯೊಂದಿಗೆ ಲಗತ್ತಿಸಿ. ನಿಗದಿಯಾದ ಮೊತ್ತ ಕಡಿಮೆಯೆನಿಸಿದರೆ, ಆಕ್ಷೇಪಣೆಗೆ ಒಳಪಟ್ಟು ಪಡೆದಿದ್ದೇವೆ ಎಂದು ರಸೀದಿಯಲ್ಲಿ ಬರೆದು ಹಣ ಪಡೆದುಕೊಳ್ಳಿ, ಮತ್ತು 3ಜಿ(5) ಅಡಿಯಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ತಡಮಾಡದೆ ಅರ್ಜಿ ಹಾಕಿ.