ಒಂದು ಹೊತ್ತಿಗೆ ಒಂದೇ ಇಂದ್ರಿಯ: ನನ್ನ ಅನುಭವ

ನಿಸರ್ಗ, ಪ್ರಯಾಣ, ಸಂಗೀತ, ವೈನ್: ಈ ನಾಲ್ಕರಲ್ಲಿಯೂ ನನಗೆ ದಕ್ಕಿರುವ ಸಂತೋಷದ ಬಹುಪಾಲು ಒಂದೇ ಅಭ್ಯಾಸದಿಂದ ಬಂದದ್ದು. ಸ್ವಲ್ಪ ಹೊತ್ತಿನ ಮಟ್ಟಿಗಾದರೂ ಒಂದೇ ಇಂದ್ರಿಯಕ್ಕೆ ಪೂರ್ತಿ ಗಮನ ಕೊಡುವುದೇ ಆ ಅಭ್ಯಾಸ.

ಇದನ್ನು ನಾನು ಕಿವಿಯಿಂದ ಆರಂಭಿಸಿದೆ. ಬೆಳಕು ಹರಿಯುವ ಹೊತ್ತಿಗೆ ಮರಗಳಿರುವ ಕಡೆ ಕಣ್ಣು ಮುಚ್ಚಿ ನಿಂತು, ಕೇಳಿಬರುವ ಕೂಗುಗಳಲ್ಲಿ ಒಂದನ್ನೇ ಆರಿಸಿಕೊಂಡು ಅದು ನಿಲ್ಲುವವರೆಗೂ ಹಿಂಬಾಲಿಸುತ್ತೇನೆ. ಹಕ್ಕಿಯ ಸ್ವರ ಹುಟ್ಟುವುದು ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ. ಹಲವು ಹಾಡುಹಕ್ಕಿಗಳು ಎರಡೂ ಕವಲುಗಳಿಂದ ಏಕಕಾಲಕ್ಕೆ ಬೇರೆ ಬೇರೆ ಸ್ವರಗಳನ್ನು ಹೊರಡಿಸಬಲ್ಲವು. ಇದು ತಿಳಿದ ಮೇಲೆ, ಒಂದೇ ಎಂದುಕೊಂಡಿದ್ದ ಕೂಗಿನೊಳಗೆ ಎರಡನೆಯ ಎಳೆಯನ್ನು ಹುಡುಕುವುದು ನನ್ನ ಬೆಳಗಿನ ದೊಡ್ಡ ಆಸೆಯಾಯಿತು.

ಹೀಗೆ ಪಳಗಿದ ಕಿವಿ ಸಂಗೀತದಲ್ಲಿ ಬಹಳ ನೆರವಾಯಿತು. ಕಛೇರಿ ಕೇಳುವ ಮೊದಲು ನಾನು ತಂಬೂರಿಯೊಂದನ್ನೇ ಕೇಳುತ್ತ ಕೂರುತ್ತೇನೆ. ತಂತಿಗಳನ್ನು ಹೊರುವ ‘ಕುದುರೆ’ ಎಂಬ ಆಧಾರದ ಮೇಲೆ ತಂತಿಯ ಅಡಿಗೆ ಇಡುವ ತೆಳ್ಳನೆಯ ನೂಲನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ಅರಳುವ ಬಗೆಯೇ ಬದಲಾಗುತ್ತದೆ, ಏಕೆಂದರೆ ತಂತಿ ಕುದುರೆಯ ಬಾಗಿದ ಮೈಯನ್ನು ಸವರುವ ರೀತಿ ಬದಲಾದಂತೆ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ಉಪಸ್ವರಗಳ ಬಲವೂ ಬದಲಾಗುತ್ತದೆ. ಶ್ರುತಿ ಚೆನ್ನಾಗಿ ಕೂಡಿದಾಗ ಯಾರೂ ಮೀಟದ ಅಂತರ ಗಾಂಧಾರ, ಅಂದರೆ ‘ಗ’ ಸ್ವರ, ಮಂದ್ರ ಷಡ್ಜದ (ಕೆಳಗಿನ ‘ಸ’) ತಂತಿಯಿಂದ ತಾನಾಗಿ ಕೇಳಿಸುತ್ತದೆ. ಅದು ಆ ತಂತಿಯ ಕಂಪನದ ಐದು ಪಟ್ಟು ವೇಗದ ಉಪಸ್ವರ. ಅದನ್ನು ಗುರುತಿಸಿದ ಮೇಲೆ ಹಾಡುಗಾರರು ಗಾಂಧಾರದಲ್ಲಿ ನಿಂತಾಗ ಆಗುವ ಸುಖವೇ ಬೇರೆ.

ಪ್ರಯಾಣದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಹೆಚ್ಚು ಸ್ಥಳಗಳನ್ನು ನೋಡುವ ಬದಲು ಒಂದೇ ಹಾದಿಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಡೆಯುತ್ತೇನೆ, ಮಳೆ ಬಂದರೆ ಇನ್ನೊಮ್ಮೆ. ಮಳೆ ಬಿದ್ದ ಮಣ್ಣಿನ ವಾಸನೆಗೆ ಮುಖ್ಯ ಕಾರಣವಾದ ಜಿಯೋಸ್ಮಿನ್ ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ವಸ್ತು. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗದಷ್ಟಿದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಇಷ್ಟು ಚುರುಕಾದ ಮೂಗನ್ನು ನಾವು ಅಷ್ಟಾಗಿ ಬಳಸುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ವೈನ್‌ನಲ್ಲಿ ಅದನ್ನು ಬಳಸದೆ ವಿಧಿಯಿಲ್ಲ, ರುಚಿ ಎಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಮೂಗಿನದೇ. ಗ್ಲಾಸಿನ ಮೂರನೇ ಒಂದು ಭಾಗದಷ್ಟೇ ಸುರಿದು, ಅಲುಗಿಸದೆ ಒಮ್ಮೆ ಮೂಸಿ, ಮೆಲ್ಲಗೆ ಸುತ್ತಿಸಿ ಮತ್ತೊಮ್ಮೆ ಮೂಸಿದ ಮೇಲೆಯೇ ಗುಟುಕು ತೆಗೆದುಕೊಳ್ಳುತ್ತೇನೆ. ತೀರಾ ತಣ್ಣಗಿದ್ದರೆ ಸುವಾಸನೆ ಮೇಲೇಳುವುದಿಲ್ಲ, ಹೀಗಾಗಿ ಗಟ್ಟಿಯಾದ ಕೆಂಪು ವೈನನ್ನು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇನೆ. ಒಸಡಿನಲ್ಲಿ ಉಳಿಯುವ ಒಗರು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದ ಟ್ಯಾನಿನ್‌ಗಳದ್ದು. ಅದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಮನಿಸುತ್ತ ಕುಡಿದರೆ ಒಂದೇ ಗ್ಲಾಸು ಇಡೀ ಸಂಜೆಗೆ ಸಾಕು.

ನನಗೆ ಪ್ರಿಯವಾದ, ಸಿರಾ ಎಂಬ ಕಪ್ಪು ದ್ರಾಕ್ಷಿಯ ವೈನ್‌ನಲ್ಲಿ ಕರಿಮೆಣಸಿನ ವಾಸನೆ ಸ್ಪಷ್ಟವಾಗಿ ಬರುತ್ತದೆ. ಅದಕ್ಕೆ ಕಾರಣವಾದ ರೋಟಂಡೋನ್ ಎಂಬ ವಸ್ತು ಕರಿಮೆಣಸಿನಲ್ಲಿಯೂ ಇದೆ ಎಂದು 2008ರಲ್ಲಿ ಪ್ರಕಟಿಸಿದ ಸಂಶೋಧಕರು, ತಮ್ಮ ಪರೀಕ್ಷೆಯಲ್ಲಿ ಪಾಲ್ಗೊಂಡವರ ಪೈಕಿ ಸುಮಾರು ಐದನೇ ಒಂದು ಭಾಗದವರಿಗೆ ಅದರ ವಾಸನೆಯೇ ತಿಳಿಯಲಿಲ್ಲ ಎಂದೂ ಹೇಳಿದ್ದಾರೆ. ಆದ್ದರಿಂದ ಜೊತೆಯಲ್ಲಿ ಕುಳಿತವರಿಗೆ ಮೆಣಸು ಸಿಗದಿದ್ದರೆ ನಾನು ವಾದಿಸುವುದಿಲ್ಲ. ಅವರಿಗೆ ಏನು ಸಿಕ್ಕಿತೆಂದು ಕೇಳಿ, ಅದಕ್ಕಾಗಿ ನನ್ನ ಗ್ಲಾಸನ್ನು ಮತ್ತೆ ಮೂಸುತ್ತೇನೆ.